ಮೊದಲ ರೊಟ್ಟಿ ಕೈಯಿಂದ ಕೈಗೆ

ಗೌರಕ್ಕ ಫೆಬ್ರವರಿ ಹನ್ನೊಂದನೇ ತಾರೀಕು, ಬುಧವಾರ, ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ತೀರಿಕೊಂಡಳು. ರಾಸ್‌ಬಿಹಾರಿ ಕೂಡುರಸ್ತೆಯಲ್ಲಿ ಬೆಹಾಲಾ ಕಡೆಗೆ ಹೋಗುವ ಶೇರ್ ಆಟೋದ ಸಾಲಿನಲ್ಲಿ ನಿಂತಿದ್ದಳು. ಅವಳ ಮುಂದೆ ಇನ್ನೂ ನಾಲ್ಕು ಜನ ಇದ್ದರಂತೆ. ಕುಸಿದವಳನ್ನು ಆ ನಾಲ್ವರೇ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು. ಅಷ್ಟರಲ್ಲಿ ಜೀವ ಹೋಗಿತ್ತು. ಹೃದಯಾಘಾತ ಎಂದು ಬರೆದುಕೊಟ್ಟರು. ವಯಸ್ಸು ಐವತ್ತೆಂಟು.

ಮೂರನೇ ದಿನ ಬೆಹಾಲಾದ ಅವಳ ಮನೆಗೆ ಹೋದಾಗ ಈ ಬಂಗಾಳಿ ಊರಿನ ಕನ್ನಡದವರು ಬಹಳ ಮಂದಿ ಬಂದಿದ್ದರು. ಒಬ್ಬರಾದ ಮೇಲೊಬ್ಬರು ಅದೇ ಮಾತನ್ನು ಆಡಿದರು. ಪಾಪ, ಇದೆಲ್ಲ ಯಾಕೆ ಬೇಕಿತ್ತು ಆಕೆಗೆ? ಗಂಡನಿಗೆ ರೈಲ್ವೆ ಪಿಂಚಣಿ ಬರುತ್ತದೆ, ಮಗಳು ದುಡಿಯುತ್ತಾಳೆ, ಮನೆಯಲ್ಲಿ ಆರಾಮವಾಗಿ ಕೂತಿರುವುದು ಬಿಟ್ಟು ಹೋಟೆಲು ಹೋಟೆಲು ಅಲೆದು ರೊಟ್ಟಿ ಹಂಚುವುದೇನು, ಅಲ್ಲಿಯವರ ಜೊತೆ ಜಗಳವೇನು. ಎಲ್ಲರೂ ಮೆಲ್ಲಗೆ, ಮರುಕದಿಂದಲೇ ಹೇಳಿದರು. ಆದರೆ ಆ ‘ಪಾಪ’ ಎಂಬ ಮಾತನ್ನು ಗೌರಕ್ಕನ ಮೇಲೆ ಹೊದಿಸಿ ಕಳಿಸಲು ನಾನು ಒಪ್ಪುವುದಿಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಅವಳು ನವಲಗುಂದದ ಕಡೆಯವಳು. ಗಂಡ ಕಲ್ಲಪ್ಪನವರು ಗಾರ್ಡನ್ ರೀಚ್‌ನ ರೈಲ್ವೆ ಕಚೇರಿಯಲ್ಲಿ ಸಿಗ್ನಲ್ ವಿಭಾಗದಲ್ಲಿದ್ದರು. ಮದುವೆಯಾಗಿ ಬಂದದ್ದು ತೊಂಬತ್ತೆರಡರಲ್ಲಿ. ಮೊದಲು ಕ್ವಾರ್ಟರ್ಸು, ಆಮೇಲೆ ಬೆಹಾಲಾದಲ್ಲಿ ನೆಲಮಹಡಿಯ ಪುಟ್ಟ ಫ್ಲಾಟು. ಮಗಳು ಪ್ರತೀಕ್ಷಾ ಅಲ್ಲೇ ಹುಟ್ಟಿ ಬೆಳೆದವಳು. ತಾಯಿ ಧಾರವಾಡದ ಕನ್ನಡದಲ್ಲಿ ಬಯ್ದರೆ ಮಗಳು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು.

ಈ ರೊಟ್ಟಿ ಒಯ್ಯುವ ಕೆಲಸ ಶುರುವಾದದ್ದು ಕಲ್ಲಪ್ಪನವರ ಹಳೆಯ ಮೇಲಧಿಕಾರಿಯೊಬ್ಬರಿಂದ. ಅವರು ಹುಬ್ಬಳ್ಳಿಯಿಂದ ಯಾವುದೋ ವಿಚಾರಣೆಗೆಂದು ಬಂದು ಲೇಕ್ ಮಾರ್ಕೆಟ್ಟಿನ ಹತ್ತಿರದ ಹೋಟೆಲಿನಲ್ಲಿ ಇಳಿದಿದ್ದರು. ಸಾಸಿವೆ ಎಣ್ಣೆಯ ವಾಸನೆ ಹಿಡಿಸದೆ ನಾಲ್ಕನೇ ದಿನ ಫೋನು ಮಾಡಿದರು: ‘ಕಲ್ಲಪ್ಪಾ, ಒಂದೆರಡು ರೊಟ್ಟಿ ಸಿಗ್ತಾವೇನೋ?’ ಗೌರಕ್ಕ ರೊಟ್ಟಿ ಬಡಿದು, ಎಣ್ಣೆಗಾಯಿ ಮಾಡಿ, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ಬಸ್ಸು ಹತ್ತಿ ತಾನೇ ಒಯ್ದಳು. ಅಷ್ಟು ದೊಡ್ಡ ಅಧಿಕಾರಿ ಮಂಚದ ಮೇಲೆ ಗೋಡೆಗೆ ಮುಖಮಾಡಿ ಕೂತು, ಹರಡಿದ ಕಾಗದಪತ್ರದ ನಡುವೆ, ಕಾಗದದ ಡಬ್ಬಿಯಿಂದ ಏನನ್ನೋ ಚಮಚೆಯಲ್ಲಿ ಕೆದಕುತ್ತಿದ್ದರಂತೆ. ಅದನ್ನು ನನಗೆ ಹೇಳುವಾಗ ಹತ್ತು ವರ್ಷದ ಮೇಲೂ ಅವಳ ದನಿ ಏರುತ್ತಿತ್ತು.

‘ಮನಿ ಬಿಟ್ಟು ಬಂದ ಮನಷ್ಯಾ ಹಿಂಗ ಉಣಬೇಕೇನು ತಂಗಿ? ಯಾರೂ ಊಟಾ ಮಾಡ್ರಿ ಅನ್ನವರಿಲ್ಲ, ಹಾಕವರಿಲ್ಲ. ದನಕ್ಕರ ಮೈ ಸವರಿ ಮೇವು ಹಾಕ್ತೀವಿ.’

ಅವತ್ತೇ ಅವಳು ಒಂದು ಪದ್ಧತಿ ಮಾಡಿಕೊಂಡಳು. ಹೋಟೆಲಿನ ಕೋಣೆಗೆ ಊಟ ತಂದರೆ, ಮೊದಲ ರೊಟ್ಟಿಯನ್ನು ತಾನೇ ಬಡಿಸಬೇಕು. ಉಣ್ಣುವವರು ಬಾಗಿಲಿಗೆ ಬಂದು ಅವಳು ಕೊಟ್ಟ ಎಲೆ ಹಿಡಿಯಬೇಕು. ಅವಳು ಹೊಸ್ತಿಲು ದಾಟುವುದಿಲ್ಲ. ಹೊರಗೆ ನಿಂತೇ ಎಲೆಯ ಮೇಲೆ ಒಂದು ರೊಟ್ಟಿ ಹಾಕಿ, ಬೆಣ್ಣೆ ಇಟ್ಟು, ಪಕ್ಕದಲ್ಲಿ ಶೇಂಗಾ ಚಟ್ನಿಪುಡಿ ಹಾಕಿ, ‘ಊಟಾ ಮಾಡ್ರಿ’ ಎಂದು ಹೇಳಿ, ಉಳಿದದ್ದನ್ನು ಕೈಗೆ ಕೊಟ್ಟು ಹೊರಡುವುದು. ಕೆಳಗೆ ಇಡುವುದಿಲ್ಲ. ಬೇರೆಯವರ ಕೈಯಲ್ಲಿ ಕಳಿಸುವುದಿಲ್ಲ.

ಅವಳ ಫೋನ್ ನಂಬರು ಬಾಯಿಂದ ಬಾಯಿಗೆ ಹೋಯಿತು. ಪರೀಕ್ಷೆ ತೆಗೆದುಕೊಳ್ಳಲು ಬಂದ ಪ್ರಾಧ್ಯಾಪಕರು, ವರ್ಗವಾಗಿ ಬಂದು ಮನೆ ಸಿಗದ ಬ್ಯಾಂಕಿನವರು, ಕಾಳಿಘಾಟಿಗೆ ಬರುವ ಯಾತ್ರಿಕರು. ದಿನಕ್ಕೆ ನಾಲ್ಕು ಕೋಣೆಗಿಂತ ಹೆಚ್ಚು ಒಪ್ಪುತ್ತಿರಲಿಲ್ಲ. ಜೋಳದ ಹಿಟ್ಟು ಊರಿನಿಂದ ಬರುವವರ ಚೀಲದಲ್ಲಿ ಬರುತ್ತಿತ್ತು; ಮಿಕ್ಕ ಸಾಮಾನು ಲೇಕ್ ಮಾರ್ಕೆಟ್ಟಿನ ಅಂಗಡಿಗಳಲ್ಲಿ.

ನಾನು ಇಲ್ಲಿಯ ವಿಶ್ವವಿದ್ಯಾಲಯದ ಕೆಲಸಕ್ಕೆ ಸೇರಿದ್ದು ಎರಡು ಸಾವಿರದ ಹದಿನಾರರಲ್ಲಿ. ಮೈಸೂರಿನಿಂದ ಬಂದು ಹತ್ತೊಂಬತ್ತು ದಿನ ಲೇಕ್ ಮಾರ್ಕೆಟ್ಟಿನ ಹತ್ತಿರದ ಅದೇ ಹೋಟೆಲಿನ ಇನ್ನೂರ ನಾಲ್ಕನೇ ಕೋಣೆಯಲ್ಲಿದ್ದೆ. ಯಾರೋ ನಂಬರು ಕೊಟ್ಟರು, ಫೋನು ಮಾಡಿದೆ. ಮರುದಿನ ಬಾಗಿಲು ಬಡಿದಾಗ ತಲೆಗೆ ನೀರು ಹಾಕಿಕೊಂಡು ಆಗಷ್ಟೇ ಬಂದಿದ್ದೆ. ಬಾಗಿಲನ್ನು ಬೆರಳಷ್ಟು ತೆಗೆದು, ‘ಅಲ್ಲೇ ಇಟ್ಬಿಡಿ, ಆಮೇಲೆ ತಗೋತೀನಿ’ ಎಂದೆ.

‘ಅಲ್ಲೆ ಅಂದ್ರ ಎಲ್ಲೆರಿ?’

‘ಕೆಳಗೆ. ಬಾಗಿಲ ಹತ್ರ.’

‘ಕೆಳಗ ಇಡಾಕ ಇದೇನು ಚಪ್ಪಲಿ ಏನ್ರಿ? ತಲಿ ವರಸ್ಕೊಂಡು ಬರ್ರಿ. ನಾ ನಿಂತಿರ್ತೀನಿ.’

ನಿಂತಿದ್ದಳು. ಕೂದಲಿಗೆ ಟವೆಲು ಸುತ್ತಿಕೊಂಡು, ನಾಚಿಕೆಯಿಂದ, ಸ್ವಲ್ಪ ಸಿಟ್ಟಿನಿಂದ ಬಾಗಿಲು ತೆಗೆದೆ. ನನಗಿಂತ ಗೇಣು ಕುಳ್ಳಗಿನ ಹೆಂಗಸು, ಇಳಕಲ್ ಸೀರೆ, ಕಾಲಲ್ಲಿ ಕ್ಯಾನ್ವಾಸ್ ಬೂಟು. ಸಾಲ್ ಮರದ ಎಲೆಯ ತಟ್ಟೆಯೊಂದನ್ನು ನನ್ನ ಕೈಗೆ ಕೊಟ್ಟು, ‘ಸರಿಯಾಗಿ ಹಿಡೀರಿ, ಎರಡೂ ಕೈಲೆ’ ಎಂದಳು. ರೊಟ್ಟಿ ಹಾಕಿದಳು. ನಾನು ಹೊಸ ಊರಿಗೆ ಬಂದು ಐದು ದಿನವಾಗಿತ್ತು. ಐದು ದಿನದಲ್ಲಿ ನನಗೆ ಯಾರೂ ಏನನ್ನೂ ಬಡಿಸಿರಲಿಲ್ಲ ಎಂಬುದು ಆ ರೊಟ್ಟಿ ಎಲೆಗೆ ಬಿದ್ದಾಗಲೇ ತಿಳಿದದ್ದು.

ಹದಿನೈದು ದಿನದಲ್ಲಿ ‘ಗೌರಕ್ಕ, ನೀವು’ ಎನ್ನುತ್ತಿದ್ದೆ. ‘ಅಕ್ಕ ಅಂತೀ, ಮತ್ತ ನೀವು ಯಾಕ? ನಾ ಏನು ನಿಮ್ಮ ಹೆಡ್ಡಾಫೀಸೇನು?’ ಎಂದು ಅದನ್ನೂ ಬಿಡಿಸಿದಳು.

ಊಟ ತರಿಸಿಕೊಳ್ಳುವವರಿಗೆ ಅವಳ ಕಟ್ಟಳೆಗಳು ಇನ್ನೂ ಇದ್ದವು. ಹೊರಡುವ ಮೊದಲು ಫೋನಿನಲ್ಲಿ ಕೇಳುತ್ತಿದ್ದಳು: ‘ಮೇಜಿನ ಮ್ಯಾಲಿನ ಸಾಮಾನು ತಗದೀರೇನು?’ ಮಂಚದ ಮೇಲೆ ಕೂತು ಉಣ್ಣಕೂಡದು. ಸೊಂಟಕ್ಕೆ ಟವೆಲು ಸುತ್ತಿಕೊಂಡು ಬಾಗಿಲು ತೆರೆಯುವ ಗಂಡಸರಿಗೆ, ‘ಅಂಗಿ ಹಾಕ್ಕೊಂಡು ಬರ್ರಿ, ರೊಟ್ಟಿ ಆರಂಗಿಲ್ಲ’ ಎಂದು ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳು. ಉಂಡ ಎಲೆ, ಉಳಿದ ಸಾರು ಎಲ್ಲವನ್ನೂ ಅವಳೇ ಕೊಟ್ಟ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಇಡಬೇಕು. ಬಚ್ಚಲಿನ ಬುಟ್ಟಿಯಲ್ಲಿ ಸುರಿಯುವಂತಿಲ್ಲ.

ಇದರಲ್ಲಿ ಅರ್ಧ ಕಟ್ಟಳೆಗಳು ಶೆಫಾಲಿಯ ಸಲುವಾಗಿ ಹುಟ್ಟಿದವು. ಶೆಫಾಲಿ ಆ ಹೋಟೆಲಿನ ಕೋಣೆಗಳನ್ನು ಗುಡಿಸಿ ಒರೆಸುವವಳು, ದಿನಾ ಬೆಳಿಗ್ಗೆ ಕ್ಯಾನಿಂಗ್ ಲೋಕಲ್ ರೈಲಿನಲ್ಲಿ ಬರುವವಳು. ಬಿಳಿ ಚಾದರದ ಮೇಲೆ ಎಣ್ಣೆಗಾಯಿಯ ಅರಿಶಿನ ಬಿದ್ದರೆ ಬೈಸಿಕೊಳ್ಳುವುದು ಅತಿಥಿಯಲ್ಲ, ಶೆಫಾಲಿ. ‘ನಿಮ್ಮೂರಿನ ಜನ ಬಹಳ ಚೆಲ್ಲುತ್ತಾರೆ ಮಾಶಿ’ ಎಂದು ಅವಳು ಒಮ್ಮೆ ಹೇಳಿದಳಂತೆ; ಮಾಶಿ ಎಂದರೆ ಚಿಕ್ಕಮ್ಮ. ಗೌರಕ್ಕನಿಗೆ ಊರಿಗೆ ಊರೇ ಮರ್ಯಾದೆ ಕಳೆದಂತಾಯಿತು. ಅಂದಿನಿಂದ ಮಂಚ ಬಂದ್.

ಒಬ್ಬ ಯಾತ್ರಿಕರ ಸಂಗತಿ ಹೇಳಬೇಕು. ಹೆಸರು ಬೇಡ. ಬಾಗಿಲಿಗೆ ಬಂದರು, ಎಲೆ ಹಿಡಿದರು, ರೊಟ್ಟಿ ಬಿತ್ತು. ಬಾಯಿಗೆ ಹಾಕುವ ಮೊದಲು ಕೇಳಿದರು: ‘ತಾವು ಯಾವ ಪೈಕಿ ಅಂತ ಗೊತ್ತಾಗಲಿಲ್ಲ.’ ಗೌರಕ್ಕ ಎಲೆಯಿಂದ ರೊಟ್ಟಿಯನ್ನು ಎತ್ತಿಕೊಂಡಳು. ಅಲ್ಲೇ ನಿಂತು, ಅವರ ಮುಖ ನೋಡುತ್ತ, ಬೆಣ್ಣೆಯ ಸಮೇತ ಪೂರಾ ತಿಂದಳು. ಕೈ ಒರೆಸಿಕೊಂಡು, ಗಂಟನ್ನು ತಲೆಯ ಮೇಲಿಟ್ಟುಕೊಂಡು ಇಳಿದು ಬಂದು ಗೇಟು ಕಾಯುವ ಅಭಯನಿಗೂ ಶೆಫಾಲಿಗೂ ಉಳಿದದ್ದನ್ನು ಬಡಿಸಿದಳು. ಆ ಯಾತ್ರಿಕರು ಸಂಜೆ ಮತ್ತೆ ಫೋನು ಮಾಡಿ, ಕೇಳಿದ್ದು ತಪ್ಪಾಯಿತು, ನಾಳೆ ತರುತ್ತೀರಾ ಎಂದರಂತೆ. ‘ನಾಳೆ ನಾಕು ಖೋಲಿ ತುಂಬ್ಯಾವ್ರಿ’ ಎಂದಳು. ತುಂಬಿರಲಿಲ್ಲ.

ಕಳೆದ ವರ್ಷ ಬೇಸಿಗೆಯಲ್ಲಿ ಅವಳಿಗೆ ಎದೆ ನೋವು ಬಂದು ಮೂರು ದಿನ ಆಸ್ಪತ್ರೆಯಲ್ಲಿದ್ದಳು. ಡಾಕ್ಟರು ಮಾತ್ರೆ ಬರೆದರು, ಮೆಟ್ಟಿಲು ಹತ್ತಬೇಡಿ ಎಂದರು. ಕಲ್ಲಪ್ಪನವರು ಇನ್ನು ಸಾಕು ಎಂದರು. ‘ಲಿಫ್ಟ್ ಇರೋ ಹೋಟೆಲಿಗೆ ಅಷ್ಟ ಹೋಗ್ತೀನಿ’ ಎಂದು ರಾಜಿ ಮಾಡಿಕೊಂಡಳು. ಹಾಗೆ ಉಳಿದದ್ದು ಆ ಒಂದೇ ಹೋಟೆಲು.

ದುರ್ಗಾಪೂಜೆ ಮುಗಿದ ಮೇಲೆ ಅಲ್ಲಿಗೆ ಹೊಸ ಮ್ಯಾನೇಜರು ಬಂದರು, ಅಮಿತ್ ಎಂದು. ಕೆಟ್ಟ ಮನುಷ್ಯನಲ್ಲ. ಮೂವತ್ತೈದು ವಯಸ್ಸು, ಇಸ್ತ್ರಿ ಮುರಿಯದ ಅಂಗಿ, ಗೌರಕ್ಕನನ್ನು ‘ಮಾಶಿಮಾ’ ಎಂದೇ ಕರೆಯುತ್ತಿದ್ದರು. ಯಾರೋ ಅತಿಥಿ, ಹೊರಗಿನವರು ಮಹಡಿಗಳಲ್ಲಿ ಓಡಾಡುತ್ತಾರೆ ಎಂದು ಇಂಟರ್ನೆಟ್ಟಿನಲ್ಲಿ ಬರೆದುಬಿಟ್ಟಿದ್ದರು. ಅಮಿತ್ ಎರಡು ನಿಯಮ ಮಾಡಿ ಅಂಟಿಸಿದರು. ಹೊರಗಿನ ಊಟದ ಪೊಟ್ಟಣ ಗೇಟಿನಲ್ಲೇ ಇಡಬೇಕು, ಅತಿಥಿಗಳು ಇಳಿದು ಬಂದು ಒಯ್ಯಬೇಕು. ಲಿಫ್ಟು ಅತಿಥಿಗಳಿಗೆ ಮಾತ್ರ. ಕೆಲಸದವರಿಗೆ ಹಿಂದಿನ ಮೆಟ್ಟಿಲು.

ಗೇಟಿನಲ್ಲಿ ಊಟ ಇಡುವ ಜಾಗವೆಂದರೆ ಅಭಯನ ಕುರ್ಚಿಯ ಪಕ್ಕ ನೆಲದ ಮೇಲೆ ಒಂದು ಪ್ಲಾಸ್ಟಿಕ್ ತೊಟ್ಟಿ. ಅದರಲ್ಲಿ ಹೆಲ್ಮೆಟ್ಟು, ಒದ್ದೆ ಛತ್ರಿ, ಬಿರಿಯಾನಿ ಎಲ್ಲವೂ ಒಟ್ಟಿಗೆ.

ಗೌರಕ್ಕ ಅರ್ಧ ಒಪ್ಪಿದಳು. ‘ಇಳದು ಬರ್ಲಿ, ಬ್ಯಾಡಂದವರ್ಯಾರು?’ ಎಂದು ನಾಲ್ಕು ತಿಂಗಳು ಕೆಳಗಿನ ಹಜಾರದಲ್ಲೇ ನಿಂತು, ಇಳಿದು ಬಂದವರ ಕೈಗೆ ಎಲೆ ಕೊಟ್ಟು, ಸೋಫಾದಲ್ಲಿ ಕೂತವರೆಲ್ಲ ನೋಡುತ್ತಿರುವಾಗ ಮೊದಲ ರೊಟ್ಟಿ ಬಡಿಸಿದಳು. ಅವಳಿಗೂ ಅಮಿತ್‌ಗೂ ಬಂಗಾಳಿಯಲ್ಲಿ ಮಾತಾಗುತ್ತಿತ್ತು; ನಾನು ಕನ್ನಡದಲ್ಲಿ ಬರೆಯುತ್ತೇನೆ.

‘ಮಾಶಿಮಾ, ಹಜಾರದಲ್ಲಿ ಹೊರಗಿನ ಊಟ ಮಾಡುವಂತಿಲ್ಲ.’

‘ಯಾರು ಮಾಡ್ತಿದ್ದಾರೆ? ನಾನು ಬಡಿಸ್ತಿದ್ದೇನೆ ಅಷ್ಟೆ. ಬಡಿಸಬಾರದು ಅಂತ ಎಲ್ಲಿ ಅಂಟಿಸಿದ್ದೀಯ, ತೋರಿಸು.’

ಅಮಿತ್ ನಕ್ಕು ಒಳಗೆ ಹೋದರಂತೆ.

ಕಷ್ಟ ಬಂದದ್ದು ಫೆಬ್ರವರಿ ಏಳರಂದು. ಹಾವೇರಿಯಿಂದ ಯಾತ್ರೆಯ ತಂಡವೊಂದು ಬಂದಿತ್ತು. ಅದರಲ್ಲಿದ್ದ ಮಹಾಲಕ್ಷ್ಮಿಯವರು, ನಿವೃತ್ತ ಶಾಲಾ ಶಿಕ್ಷಕಿ, ಅರವತ್ತಾರು ವರ್ಷ, ಕಾಳಿಘಾಟಿನ ಗುಡಿಯ ಗಲ್ಲಿಯಲ್ಲಿ ಜಾರಿ ಬಿದ್ದು ಪಾದ ಮುರಿದುಕೊಂಡರು. ಪಟ್ಟಿ ಕಟ್ಟಿದ ಡಾಕ್ಟರು ಒಂದು ವಾರ ಕಾಲೂರಬೇಡಿ ಎಂದರು. ತಂಡ ಪುರಿಗೆ ಹೋಗಲೇಬೇಕಿತ್ತು. ಹದಿಮೂರಕ್ಕೆ ತಿರುಗಿ ಬಂದು ಕರೆದೊಯ್ಯುತ್ತೇವೆಂದು ಹೊರಟುಹೋಯಿತು. ಮಹಾಲಕ್ಷ್ಮಿಯವರು ಮೂರನೇ ಮಹಡಿಯ ಮುನ್ನೂರ ಆರನೇ ಕೋಣೆಯಲ್ಲಿ ಒಬ್ಬರೇ ಉಳಿದರು. ಅವರಿಗೆ ಗೌರಕ್ಕನ ನಂಬರು ಸಿಕ್ಕಿತು.

ಎಂಟನೇ ತಾರೀಕು ಭಾನುವಾರ. ನಾನೂ ಗೌರಕ್ಕನ ಜೊತೆಗಿದ್ದೆ. ಮೇಲಿರುವವರು ಇಳಿಯಲಾರರು, ನಾನು ಹತ್ತಬೇಕು ಎಂದು ಗೌರಕ್ಕ ಅಮಿತ್‌ಗೆ ಹೇಳಿದಳು. ಅವರು ಸಭ್ಯವಾಗಿಯೇ, ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ, ಇಲ್ಲಿ ಕೊಟ್ಟು ಹೋಗಿ, ನಮ್ಮವರು ಕೋಣೆಗೆ ತಲುಪಿಸುತ್ತಾರೆ ಎಂದರು. ನನಗೆ ಅದು ಸರಿ ಎನಿಸಿತು.

‘ಸುಮ್ನೆ ಯಾಕೆ ಗೌರಕ್ಕ ಹಠ? ಅವರೇ ಕೊಡ್ತೀವಿ ಅಂತಿದಾರಲ್ಲ. ಕೊಟ್ಬಿಡು’ ಎಂದೆ.

ನನ್ನ ಮುಖ ನೋಡಿದಳು. ಗಂಟನ್ನು ತೊಟ್ಟಿಯಲ್ಲಿ ಇಡದೆ ಅಭಯನ ಮೇಜಿನ ಮೇಲಿಟ್ಟಳು. ನಾವಿಬ್ಬರೂ ಹೊರಟೆವು.

ಮಧ್ಯಾಹ್ನ ಅಭಯನ ಪಾಳಿ ಮುಗಿಯಿತು. ಮುಂದಿನ ಪಾಳಿಯವನಿಗೆ ಮೇಜಿನ ಮೇಲೆ ಬಿಳಿ ಬಟ್ಟೆಯ ಗಂಟು ಕಂಡಿತು. ಹೋಟೆಲಿನಲ್ಲಿ ಬಿಳಿ ಬಟ್ಟೆಯ ಗಂಟೆಂದರೆ ಒಗೆಯಲು ಹೋಗುವ ಚಾದರ. ಅವನು ಅದನ್ನು ಒಯ್ದು ಹಿಂದಿನ ಕೋಣೆಯ ಮೈಲಿಗೆ ಬಟ್ಟೆಯ ರಾಶಿಯ ಮೇಲೆ ಎಸೆದ. ಸಂಜೆ ಐದರ ನಂತರ ಶೆಫಾಲಿಗೆ ಅಲ್ಲಿ ರೊಟ್ಟಿಯ ವಾಸನೆ ಬಂದು ಗಂಟು ಸಿಕ್ಕಿತು. ಅಷ್ಟು ಹೊತ್ತೂ ಮಹಾಲಕ್ಷ್ಮಿಯವರು ಎರಡು ಬಿಸ್ಕತ್ತಿನ ಮೇಲೆ ಇದ್ದರು. ಸಂಕೋಚದಿಂದ ಫೋನು ಕೂಡ ಮಾಡಿರಲಿಲ್ಲ. ತಡವಾಗಿರಬೇಕು, ಪಾಪ ಆಕೆಗೂ ವಯಸ್ಸಾಗಿದೆ ಎಂದುಕೊಂಡಿದ್ದರಂತೆ.

ಗೌರಕ್ಕ ನನಗೆ ಫೋನು ಮಾಡಿದಳು. ಕೂಗಾಡುತ್ತಾಳೆ ಎಂದು ನಾನು ಕಾದೆ.

‘ಹೊಲಸ ಚಾದರದಾಗ ಒಗದಿದ್ರಂತ.’

‘ಅಯ್ಯೋ, ಬೇಕಂತ ಮಾಡಿಲ್ಲ ಬಿಡು ಗೌರಕ್ಕ.’

‘ಬೇಕಂತ ಯಾರೂ ಮಾಡಂಗಿಲ್ಲ ತಂಗಿ. ನಾನೂ ಬೇಕಂತ ಮಾಡ್ಲಿಲ್ಲ. ನಿನ್ನ ಮಾತು ಕೇಳಿ ಇಟ್ಟು ಬಂದೆ.’

ಅಷ್ಟು ಹೇಳಿ ಫೋನು ಇಟ್ಟಳು. ಹತ್ತು ವರ್ಷದಲ್ಲಿ ಅವಳು ನನ್ನ ಮೇಲೆ ಹೊರಿಸಿದ ತಪ್ಪು ಅದೊಂದೇ. ಹೊರಿಸಬೇಕಾದದ್ದೇ.

ಸೋಮವಾರ ನಡೆದದ್ದನ್ನು ಅಭಯ ಹೇಳಿದ. ಅವನು ಬಾಲೇಶ್ವರದವನು, ಹನ್ನೊಂದು ವರ್ಷದಿಂದ ಆ ಗೇಟಿನಲ್ಲಿದ್ದಾನೆ. ಗೌರಕ್ಕ ಬಂದವಳು ನಿಲ್ಲದೆ ಒಳಗೆ ನಡೆದಳು. ಅಮಿತ್ ಕೌಂಟರಿನಿಂದ ಎದ್ದು ಬಂದರು.

‘ಮಾಶಿಮಾ, ನಿನ್ನೆಯದಕ್ಕೆ ಕ್ಷಮಿಸಿ. ಇವತ್ತು ನಾನೇ ಕೈಯಾರೆ ತಲುಪಿಸುತ್ತೇನೆ.’

‘ನೀನು ಒಳ್ಳೆಯವನಪ್ಪ. ನೀನು ಬಡಿಸ್ತೀಯಾ?’

‘ಬಡಿಸೋದು ಅಂದರೆ?’

‘ಅದಕ್ಕೇ ನಾನು ಹೋಗೋದು.’

‘ಅಭಯ್, ಇವರನ್ನು ಹೊರಗೆ ಕರೆದುಕೊಂಡು ಹೋಗು.’

ಅಭಯ ಎದ್ದು ನಿಂತ. ಗೌರಕ್ಕ ಅವನ ಕಡೆ ತಿರುಗಿದಳು. ‘ಬಾ ದಾದಾ. ನಿನ್ನ ಕೆಲಸ ನೀನು ಮಾಡು, ನನಗೆ ಸಿಟ್ಟಿಲ್ಲ. ಎಲ್ಲಿ ಕೈ ಹಾಕ್ತಿ ಹೇಳು. ತೋಳಿಗೋ, ಗಂಟಿಗೋ?’ ಅಭಯ ನಿಂತಲ್ಲೇ ನಿಂತ. ಸೋಫಾದಲ್ಲಿ ಕೂತಿದ್ದ ಇಬ್ಬರು ಅತಿಥಿಗಳು ಪೇಪರು ಮಡಿಸಿ ನೋಡತೊಡಗಿದರು. ಅಮಿತ್ ದನಿ ತಗ್ಗಿಸಿದರು. ‘ಹೋಗಲೇಬೇಕಾದರೆ ಹಿಂದಿನ ಮೆಟ್ಟಿಲಿಂದ ಹೋಗಿ. ಲಿಫ್ಟು ಅತಿಥಿಗಳಿಗೆ.’

ಗೌರಕ್ಕ ಹಿಂದೆ ಹೋಗಿ ನೋಡಿ ಬಂದಳು. ಆ ಕಿರಿದಾದ ಮೆಟ್ಟಿಲಿನಲ್ಲಿ ಶೆಫಾಲಿ ಎರಡು ಕಸದ ಚೀಲ ಎಳೆದುಕೊಂಡು ಇಳಿಯುತ್ತಿದ್ದಳು. ‘ಕಸ ಇಳಿಯೋ ದಾರೀಲಿ ಊಟ ಹತ್ತೋದಿಲ್ಲ’ ಎಂದಳು. ಮುಂದಿನ ಹಜಾರದಿಂದ ಮೇಲೆ ಹೋಗುವ ಅಗಲವಾದ ಮೆಟ್ಟಿಲಿತ್ತು, ಯಾರೂ ಬಳಸದೆ ಕುಂಡಗಳನ್ನು ಇಟ್ಟಿದ್ದರು. ಕುಂಡಗಳ ನಡುವೆ ಸೀರೆ ಎತ್ತಿ ಹಿಡಿದು ಹತ್ತಿದಳು. ಯಾರೂ ತಡೆಯಲಿಲ್ಲ. ಯಾರೂ ಲಿಫ್ಟನ್ನೂ ತೆರೆಯಲಿಲ್ಲ.

ಮಂಗಳವಾರವೂ ಹತ್ತಿದಳು. ಪ್ರತಿ ಮಹಡಿಯಲ್ಲೂ ನಿಂತು ನಿಂತು ಹತ್ತಿದಳು ಎಂದ ಅಭಯ. ಆ ಸಂಜೆ ನಾನು ಬೆಹಾಲಾಕ್ಕೆ ಹೋದೆ. ಮನೆಯಲ್ಲಿ ಜಗಳ ನಡೆದಿತ್ತು.

‘ಡಾಕ್ಟ್ರು ಏನಂದಾರ?’ ಎಂದು ಕಲ್ಲಪ್ಪನವರು ಕೇಳಿದ್ದನ್ನೇ ಕೇಳುತ್ತಿದ್ದರು. ‘ಏನಂದಾರ, ಅಷ್ಟ ಹೇಳು.’

‘ಹತ್ತಬ್ಯಾಡ ಅಂದಾರ.’

‘ಮತ್ತ?’

‘ಮತ್ತ ಅಮಿತ್‌ಗ ಹೇಳ್ರಿ, ಲಿಫ್ಟ್ ಕೊಡು ಅಂತ. ನನಗ್ಯಾಕ ಹೇಳ್ತೀರಿ?’

ಪ್ರತೀಕ್ಷಾ ಫೋನು ಹಿಡಿದು ಪಕ್ಕದಲ್ಲಿ ಕೂತಿದ್ದಳು. ‘ಮಾ, ಪ್ಲೀಸ್. ನಾನು ಆ ಆಂಟಿಗೆ ಆ್ಯಪ್‌ನಲ್ಲಿ ಆರ್ಡರ್ ಮಾಡ್ತೀನಿ ನಾ. ಇಡ್ಲಿ, ದೋಸೆ, ಜೋ ಭೀ ಚಾಹಿಯೆ.’

‘ಮಾಡು. ತಂದು ತೊಟ್ಟಿಯೊಳಗ ಹಾಕಿ ಹೋಗ್ತಾರ. ಆಕಿ ಮುರದ ಕಾಲಿಲೆ ಕುಂಟಕೋತ ಇಳದು ಬಂದು ಹೆಲ್ಮೆಟ್ಟಿನ ಸಂದ್ಯಾಗ ಹುಡಕ್ಲಿ.’

ನಾನು ಮೊದಲೇ ಯೋಚಿಸಿಕೊಂಡು ಹೋಗಿದ್ದೆ. ‘ಗೌರಕ್ಕ, ನಾಳೆ ನಾನು ರಜೆ ಹಾಕ್ತೀನಿ. ನಾನೇ ತಗೊಂಡು ಹೋಗ್ತೀನಿ. ನೀನು ಹೇಳಿಕೊಟ್ಟ ಹಾಗೆ ಬಡಿಸ್ತೀನಿ. ಶುಕ್ರವಾರ ಅವರ ತಂಡ ಬಂದ್ಬಿಡತ್ತೆ. ಮೂರು ದಿನ.’

ಅವಳು ನಾಳೆಯ ಬದನೆಕಾಯಿ ಆರಿಸುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು:

‘ನೀ ಹೋಗು, ಬ್ಯಾಡನ್ನಂಗಿಲ್ಲ. ನಿನ್ನ ಲಿಫ್ಟಿನ್ಯಾಗ ಬಿಡ್ತಾರ. ಕನ್ನಡಕಾ ನೋಡಿ ಬಿಡ್ತಾರ, ಇಂಗ್ಲಿಷ್ ಕೇಳಿ ಬಿಡ್ತಾರ. ಮಹಾಲಕ್ಷ್ಮಿ ಬಾಯಾರಿಗೆ ರೊಟ್ಟಿ ಮುಟ್ತಾವ. ಅಲ್ಲಿಗೆ ಮುಗೀತೇನು?’

‘ಮುಗೀತಲ್ಲ. ಊಟ ಮುಟ್ಟೋದು ತಾನೆ ಮುಖ್ಯ?’

‘ಊಟ ಮುಟ್ಟೂದು ಮುಖ್ಯ. ತಂದಾಕಿನೂ ಮನಷ್ಯಾಳ ಅಂತ ಅವರಿಗೆ ತಿಳಿಯೂದು ಬ್ಯಾಡೇನು? ನಿನ್ನ ಕಳಿಸಿದ್ರ ತಿಳಿಯಂಗಿಲ್ಲ. ನೀ ಮೊದಲ ಮನಷ್ಯಾಳ ಇದ್ದೀ ಅವರ ಪಾಲಿಗೆ.’

ನಾನು ಓದಿದ ಪುಸ್ತಕಗಳಲ್ಲಿ ಇದೇ ಮಾತನ್ನು ಹೆಚ್ಚು ಪುಟಗಳಲ್ಲಿ ಹೇಳಿದ್ದಾರೆ. ಓದಿ ಅಡಿಗೆರೆ ಎಳೆದಿದ್ದೇನೆ. ಅವತ್ತು ಅದನ್ನು ಆಡಿದವಳ ಎದುರು ಕೂತು, ಇವಳು ಒಂದು ಮೂರು ದಿನ ಸುಮ್ಮನಿರಬಾರದೇ ಎಂದುಕೊಂಡೆ.

ಮೆಟ್ಟಿಲೇ ಅವಳನ್ನು ಕೊಂದಿತು ಎನ್ನುತ್ತಾರೆ. ಇರಬಹುದು. ಹಾಗೆನ್ನುವವರೊಂದಿಗೆ ನನಗೆ ವಾದವಿಲ್ಲ. ಆದರೆ ಅವಳಿಗೆ ತಿಳಿಯಲಿಲ್ಲ, ಹುಚ್ಚು ಹಠ ಎಂದು ಮಾತ್ರ ಹೇಳಬೇಡಿ. ಎಷ್ಟು ಮೆಟ್ಟಿಲಿವೆ ಎಂಬುದು ಅವಳ ಉಸಿರಿಗೆ ಗೊತ್ತಿತ್ತು. ಯಾವ ಬಾಗಿಲಿನಿಂದ ಒಳಗೆ ಹೋಗಬೇಕೆಂಬುದು ಒಬ್ಬ ಮನುಷ್ಯಳಿಗೆ ಎಷ್ಟು ಬೆಲೆಯ ಸಂಗತಿ ಎಂದು ತೀರ್ಮಾನಿಸುವ ಹಕ್ಕು ಆ ಮನುಷ್ಯಳದ್ದು, ಶೋಕಕ್ಕೆ ಬಂದು ಚಹ ಕುಡಿದು ಹೋದ ನಮ್ಮದಲ್ಲ.

ಬುಧವಾರ ಹನ್ನೆರಡೂವರೆಗೆ ಅವಳು ಹೋಟೆಲಿಗೆ ಬಂದಳು. ಅಮಿತ್ ಕೌಂಟರಿನಲ್ಲಿದ್ದರು, ತಲೆ ಎತ್ತಲಿಲ್ಲ. ಮೂರು ಮಹಡಿ ಹತ್ತಲು ಹತ್ತಿರಹತ್ತಿರ ಅರ್ಧ ಗಂಟೆ ಹಿಡಿಯಿತು ಎಂದು ಅಭಯನ ಅಂದಾಜು; ಎರಡನೇ ಮಹಡಿಯ ಕುಂಡದ ಕಟ್ಟೆಯ ಮೇಲೆ ಬಹಳ ಹೊತ್ತು ಕೂತಿದ್ದಳು. ಮಹಾಲಕ್ಷ್ಮಿಯವರು ಗೋಡೆ ಹಿಡಿದು ಕುಂಟುತ್ತ ಬಾಗಿಲಿಗೆ ಬಂದು ಎಲೆ ಹಿಡಿದರು. ಅವರೇ ನನಗೆ ಹೇಳಿದ್ದು ಇದು:

‘ಮೈಯೆಲ್ಲ ಬೆವತಿದ್ಲರೀ. ಒಳಗ ಬರ್ರಿ, ಫ್ಯಾನಿನ ಕೆಳಗ ಕುಂದರ್ರಿ ಅಂದೆ. ಇಲ್ರಿ, ನಿಮ್ಮ ಖೋಲಿ ಅದು, ನಾ ಇಲ್ಲೇ ಆರಾಮದೀನಿ ಅಂದ್ಲು. ನೀರು ಕೊಟ್ಟೆ, ಕುಡದ್ಲು. ರೊಟ್ಟಿ ಹಾಕಿದ್ಲು. ಬೆಣ್ಣಿ ಎಲಿ ಬಿಟ್ಟು ನನ್ನ ಹೆಬ್ಬಟ್ಟಿನ ಮ್ಯಾಲ ಬಿತ್ತು. ಇಬ್ರೂ ನಕ್ವಿ. ಊಟಾ ಮಾಡ್ರಿ ಅಂದು ಹೋದ್ಲು.’

ಅಲ್ಲಿಂದ ಆಚೆಯದನ್ನು ಹೇಳಿದವಳು ಶೆಫಾಲಿ. ಅವಳ ಕೆಲಸ ಹೋಗಿಲ್ಲ, ಹೋಗಬಾರದೆಂದೇ ನಾನು ಹೋಟೆಲಿನ ಹೆಸರು ಬರೆದಿಲ್ಲ. ಅವಳ ಹೆಸರನ್ನು ಮಾತ್ರ ಅವಳನ್ನು ಕೇಳಿಯೇ ಬರೆದಿದ್ದೇನೆ, ‘ಬರೆಯಿರಿ’ ಎಂದಳು.

ಶೆಫಾಲಿ ಮೂರನೇ ಮಹಡಿಯ ಕೋಣೆಗಳ ಚಾದರಗಳನ್ನೆಲ್ಲ ಗಂಟು ಕಟ್ಟಿ, ತಲೆಯ ಮೇಲೆ ಹೊತ್ತು, ಹಿಂದಿನ ಮೆಟ್ಟಿಲಿನ ಕಡೆ ಹೊರಟಿದ್ದಳು. ಗೌರಕ್ಕ ಲಿಫ್ಟಿನ ಎದುರು ನಿಂತಿದ್ದಳು. ಅಲ್ಲಿ ತಡೆಯುವವರಿಲ್ಲದೆ ಗುಂಡಿ ಒತ್ತಿದ್ದಳು. ಲಿಫ್ಟು ಬಂತು, ಬಾಗಿಲು ತೆರೆಯಿತು, ಒಳಗೆ ಒಬ್ಬ ಅತಿಥಿ ಇದ್ದರು. ಗೌರಕ್ಕ ಹತ್ತಿ ನಿಂತು ಹಿಂತಿರುಗಿ ನೋಡಿದಳು.

‘ಶೆಫಾಲಿ, ಬಾ.’

‘ಇಲ್ಲ ಮಾಶಿ. ನಾನು ಮೆಟ್ಟಿಲಲ್ಲಿ ಇಳೀತೀನಿ. ನೀವು ಹೋಗಿ.’

‘ತಲೆ ಮೇಲೆ ಅಷ್ಟು ಭಾರ ಇಟ್ಟುಕೊಂಡು?’

‘ದಿನಾ ಇಳೀತೀನಲ್ಲ. ಬಯ್ತಾರೆ ಮಾಶಿ, ಹೋಗಿ ನೀವು.’

ಬಾಗಿಲು ಮುಚ್ಚಿಕೊಳ್ಳಲು ಹೊರಟಿತು. ಗೌರಕ್ಕ ಅಂಗೈ ಅಡ್ಡ ಇಟ್ಟಳು. ಬಾಗಿಲು ಹಿಂದೆ ಸರಿಯಿತು. ಮತ್ತೆ ಬಂತು, ಮತ್ತೆ ಅಂಗೈ. ಲಿಫ್ಟು ಕೂಗತೊಡಗಿತು. ಒಳಗಿದ್ದ ಅತಿಥಿ ಗಡಿಯಾರ ನೋಡಿಕೊಂಡರು. ಕೆಳಗಿನಿಂದ ಅಮಿತ್, ಯಾರು ಮೂರರಲ್ಲಿ ಹಿಡಿದುಕೊಂಡಿರುವುದು ಎಂದು ಕೂಗಿದ್ದು ಮೆಟ್ಟಿಲ ಸುರಂಗದಲ್ಲಿ ಕೇಳಿಸಿತು.

‘ನಾನು!’ ಎಂದು ಗೌರಕ್ಕ ತಿರುಗಿ ಕೂಗಿದಳು. ‘ಇನ್ನೊಬ್ಬರು ಹತ್ತಬೇಕು!’

ಕೈ ತೆಗೆಯಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದಳೆಂದು ಶೆಫಾಲಿಗೆ ಹೇಳಲಾಗಲಿಲ್ಲ. ಬಹಳ ಹೊತ್ತು ಎಂದಳು. ಕೊನೆಗೆ ಆ ಅತಿಥಿಯೇ ಸೂಟ್‌ಕೇಸನ್ನು ಪಕ್ಕಕ್ಕೆ ಎಳೆದುಕೊಂಡು, ‘ಬನ್ನಿ ದಿದಿ, ಜಾಗ ಇದೆ’ ಎಂದರು. ಶೆಫಾಲಿ ಚಾದರದ ಗಂಟನ್ನು ಎದೆಗೆ ಅವುಚಿಕೊಂಡು ಒಳಗೆ ಕಾಲಿಟ್ಟಳು. ಐದು ವರ್ಷದಿಂದ ಅದರ ಕನ್ನಡಿ ಒರೆಸಿದ್ದಳು, ಅದರಲ್ಲಿ ನಿಂತು ಇಳಿದಿರಲಿ‌ಲ್ಲ.

ಆಗ ಗೌರಕ್ಕ ಬಾಗಿಲಿನಿಂದ ಕೈ ತೆಗೆದಳು. ಗೋಡೆಗೆ ಒರಗಿ ಉಸಿರು ತೆಗೆದುಕೊಂಡು, ಸಾಲಾಗಿದ್ದ ಗುಂಡಿಗಳನ್ನು ಗದ್ದದಿಂದಲೇ ತೋರಿಸಿ ಶೆಫಾಲಿಗೆ ಹೇಳಿದಳು:

‘ನೀನೇ ಒತ್ತು.’